ಮನೆಮಾತಿನಲ್ಲಿ ಧ್ವನಿ

ನನಗೆ ಹತ್ತು ವರ್ಷವಾಗಿದ್ದಾಗ, 1968ರ ಬೇಸಿಗೆಯಲ್ಲಿ, ನಮ್ಮ ಅಕ್ಕನನ್ನು ನೋಡುವುದಕ್ಕೆ ಗಂಡಿನ ಕಡೆಯವರು ಬಂದಿದ್ದರು. ಉಪ್ಪಿಟ್ಟು, ಕೇಸರಿಬಾತು ಆಯಿತು. ಅಕ್ಕ ಒಂದು ದೇವರನಾಮ ಹಾಡಿದಳು. ಬಂದವರಲ್ಲಿ ಹಿರಿಯರೊಬ್ಬರು ಎಲೆಯಡಿಕೆ ಹಾಕಿಕೊಂಡು, ನಮ್ಮ ತಂದೆಯ ಕೈಹಿಡಿದು, "ಬಹಳ ಸಂತೋಷವಾಯಿತು ಸ್ವಾಮಿ, ಊರಿಗೆ ಹೋಗಿ ಕಾಗದ ಬರೆಯುತ್ತೇವೆ" ಎಂದು ಹೇಳಿ ಎದ್ದರು. ಅವರ ಮಾತಿನಲ್ಲಿ ಕಹಿಯಾದದ್ದು ಒಂದಿಷ್ಟೂ ಇರಲಿಲ್ಲ. ಮಾರನೆಯ ದಿನದಿಂದ ನಾನು ಬೀದಿಯ ತುದಿಗೆ ಹೋಗಿ ಅಂಚೆಯವನಿಗಾಗಿ ಕಾಯತೊಡಗಿದೆ. ಎಂಟು ದಿನ ಕಳೆದರೂ ಕಾಗದ ಬರಲಿಲ್ಲ. ಒಂಬತ್ತನೆಯ ದಿನ ನಾನು ಸಪ್ಪೆಮೋರೆ ಹಾಕಿಕೊಂಡು ಹಿಂದಿರುಗಿದಾಗ ಜಗಲಿಯ ಮೇಲೆ ಬತ್ತಿ ಹೊಸೆಯುತ್ತ ಕುಳಿತಿದ್ದ ನಮ್ಮ ಅಜ್ಜಿ, "ಕಾಗದ ಆವತ್ತೇ ಬಂತಲ್ಲೋ ಮಗು" ಎಂದರು.

ನನಗೆ ಅದೂ ತಿಳಿಯಲಿಲ್ಲ. ಬಂದ ಕಾಗದವನ್ನು ಯಾರು ಇಸಿದುಕೊಂಡರು, ಎಲ್ಲಿ ಇಟ್ಟರು ಎಂದು ಕೇಳಿದೆ. ಅಜ್ಜಿ ನಕ್ಕರು. ಒಳಗಿದ್ದ ಅಕ್ಕ ನಗಲಿಲ್ಲ. ಅವಳು ಆ ಹಿರಿಯರು ಎದ್ದ ಕ್ಷಣದಲ್ಲೇ ಕಾಗದವನ್ನು ಓದಿಕೊಂಡಿದ್ದಳು. ಅವರು ಬೀದಿಯ ತಿರುವು ದಾಟುವುದರೊಳಗಾಗಿ ಮುಡಿದ ಹೂವನ್ನು ತೆಗೆದು ದೇವರ ಮನೆಯ ಬಾಗಿಲ ಬಳಿ ಇಟ್ಟದ್ದನ್ನು ನಾನೇ ಕಂಡಿದ್ದೆ. ಕಂಡೂ ಅದರ ಅರ್ಥವನ್ನು ಗ್ರಹಿಸಿರಲಿಲ್ಲ. (ಅಕ್ಕನಿಗೆ ಮುಂದೆ ಒಳ್ಳೆಯ ಕಡೆಯೇ ಸಂಬಂಧ ಕೂಡಿಬಂತು. ಕೇಳುಗರಿಗೆ ಆ ಚಿಂತೆ ಬೇಡ.)

"ಊರಿಗೆ ಹೋಗಿ ಕಾಗದ ಬರೆಯುತ್ತೇವೆ" ಎಂಬ ವಾಕ್ಯದಲ್ಲಿ 'ಇಲ್ಲ' ಎಂಬ ಶಬ್ದ ಎಲ್ಲಿದೆ? ವ್ಯಾಕರಣವನ್ನು ಕೇಳಿದರೆ ಎಲ್ಲಿಯೂ ಇಲ್ಲ. ನಿಘಂಟನ್ನು ಕೇಳಿದರೂ ಇಲ್ಲ. ಆದರೂ ಮನೆಮಂದಿಗೆಲ್ಲ ಆ 'ಇಲ್ಲ' ಸ್ಪಷ್ಟವಾಗಿ ಕೇಳಿಸಿತು, ನನ್ನೊಬ್ಬನನ್ನು ಬಿಟ್ಟು. ಶಬ್ದದಲ್ಲಿಲ್ಲದ ಅರ್ಥ ಕಿವಿಗೆ ಬಂದು ಮುಟ್ಟುವ ಈ ಬಗೆಯನ್ನು ಕುರಿತು ನಮ್ಮ ಆಲಂಕಾರಿಕರು ಬಹು ಆಳವಾಗಿ ಚಿಂತಿಸಿದ್ದಾರೆ. ಒಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಾಶ್ಮೀರದ ಅವಂತಿವರ್ಮನ ಕಾಲದಲ್ಲಿದ್ದ ಆನಂದವರ್ಧನ ಇದನ್ನು 'ಧ್ವನಿ' ಎಂದು ಕರೆದು, ಕಾವ್ಯದ ಆತ್ಮ ಇದೇ ಎಂದು ಸಾಧಿಸಿದ. ಕಾವ್ಯಮೀಮಾಂಸೆಯ ಪಾಠವೆಂದರೆ ದೊಡ್ಡ ಗ್ರಂಥಗಳ ಮಾತು, ಪರೀಕ್ಷೆಗೆ ಓದುವವರ ಮಾತು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಅವನು ತನ್ನ ಸಿದ್ಧಾಂತಕ್ಕೆ ಮೊದಲಲ್ಲಿಯೇ ಆರಿಸಿಕೊಂಡ ಉದಾಹರಣೆಗಳನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಅವು ಮಹಾಕಾವ್ಯಗಳ ವರ್ಣನೆಗಳಲ್ಲ. ಹಳ್ಳಿಯ ಹೆಂಗಸರು ಆಡಿದ ಮಾತುಗಳು.

ಸಾತವಾಹನ ದೊರೆ ಹಾಲನ ಹೆಸರಿನಲ್ಲಿರುವ ಪ್ರಾಕೃತದ 'ಗಾಥಾಸಪ್ತಶತಿ'ಯಲ್ಲಿ ಅಂಥ ಒಂದು ಗಾಥೆಯಿದೆ. ಗೋದಾವರಿಯ ದಡದ ಪೊದೆಯೊಂದರಲ್ಲಿ ಒಬ್ಬಳು ತನ್ನ ಪ್ರಿಯನನ್ನು ಗುಟ್ಟಾಗಿ ಸಂಧಿಸುತ್ತಿದ್ದಾಳೆ. ಅಲ್ಲಿಗೆ ಹೂ ಕೊಯ್ಯಲು ಒಬ್ಬ ಧಾರ್ಮಿಕ ಬಂದು ಹೋಗುತ್ತಿದ್ದಾನೆ. ಅವಳ ಮನೆಯ ಬಳಿಯ ನಾಯಿಯೊಂದೇ ಅವನಿಗಿದ್ದ ಭಯ. ಅವಳು ಅವನಿಗೆ ಹೇಳುವುದಿಷ್ಟು: ಇನ್ನು ನಿಶ್ಚಿಂತೆಯಾಗಿ ತಿರುಗಾಡಬಹುದು, ಆ ನಾಯಿಯನ್ನು ನದೀತೀರದ ಪೊದೆಯಲ್ಲಿರುವ ಸಿಂಹ ಕೊಂದುಹಾಕಿತು. ಮಾತಿನ ಹೊರಮೈಯಲ್ಲಿರುವುದು 'ಹೋಗು' ಎಂಬ ಅಪ್ಪಣೆ, ಒಳಗಿರುವುದು 'ಅತ್ತ ತಲೆಹಾಕಬೇಡ' ಎಂಬ ನಿಷೇಧ. ನಾಯಿಗೆ ಅಂಜುವವನು ಸಿಂಹವಿರುವಲ್ಲಿಗೆ ಹೋಗುತ್ತಾನೆಯೇ? ಇನ್ನೊಂದು ಗಾಥೆಯಲ್ಲಿ ಇದು ತಿರುವುಮುರುವಾಗಿದೆ. ರಾತ್ರಿ ತಂಗಲು ಬಂದ ದಾರಿಹೋಕನಿಗೆ ಮನೆಯಾಕೆ, ಅತ್ತೆ ಮಲಗುವುದು ಇಲ್ಲಿ, ತಾನು ಮಲಗುವುದು ಅಲ್ಲಿ, ಹಗಲಿನಲ್ಲೇ ನೋಡಿಕೊಂಡಿರು, ರಾತ್ರಿ ಕಣ್ಣು ಕಾಣದೆ ನಮ್ಮ ಹಾಸಿಗೆಯ ಮೇಲೆ ಬಿದ್ದೀಯೆ ಎಂದು ಎಚ್ಚರಿಸುತ್ತಾಳೆ. ಎಚ್ಚರಿಕೆಯ ಪದಗಳಲ್ಲಿ ಆಹ್ವಾನ ಕುಳಿತಿದೆ. ಅತ್ತೆ ಪಕ್ಕದಲ್ಲಿಯೇ ಕೇಳಿಸಿಕೊಳ್ಳುತ್ತಿದ್ದರೂ ತಪ್ಪು ಹಿಡಿಯುವಂತಿಲ್ಲ.

ಶಾಸ್ತ್ರದ ಮೂರು ಪದಗಳನ್ನು ಇಲ್ಲಿ ಹೇಳಿಬಿಡುತ್ತೇನೆ, ಅವು ಮುಂದೆ ಬೇಕಾಗುತ್ತವೆ. ಪದ ನೇರವಾಗಿ ಕೊಡುವ ಅರ್ಥ ವಾಚ್ಯ. ಅದನ್ನು ಕೊಡುವ ಶಕ್ತಿ ಅಭಿಧೆ. ನೇರವಾದ ಅರ್ಥ ಹೊಂದದೆ ಹೋದಾಗ ಅದಕ್ಕೆ ಸೇರಿದ ಇನ್ನೊಂದು ಅರ್ಥವನ್ನು ಹಿಡಿಯುವುದು ಲಕ್ಷಣೆ. 'ಗಂಗೆಯಲ್ಲಿ ಗೊಲ್ಲರ ಹಟ್ಟಿ' ಎಂಬುದು ಇದಕ್ಕೆ ಹಳೆಯ ಉದಾಹರಣೆ. ಹೊಳೆಯ ನೀರಿನ ಮೇಲೆ ಹಟ್ಟಿ ಇರಲಾರದು. ಆದ್ದರಿಂದ ದಡದ ಮೇಲೆ ಎಂದು ತಿಳಿಯುತ್ತೇವೆ. ದಡ ಎಂದೇ ಹೇಳಬಹುದಾಗಿತ್ತಲ್ಲ, ಗಂಗೆ ಎಂದೇಕೆ ಹೇಳಿದ? ಆ ತಂಪು, ಆ ಪಾವಿತ್ರ್ಯ ಹಟ್ಟಿಗೂ ಉಂಟೆಂದು ಸೂಚಿಸುವುದಕ್ಕೆ. ಹೀಗೆ ಸೂಚಿಸುವ ಶಕ್ತಿ ವ್ಯಂಜನೆ, ಸೂಚಿತವಾದದ್ದು ವ್ಯಂಗ್ಯ. ಇಂದಿನ ಕನ್ನಡದಲ್ಲಿ ವ್ಯಂಗ್ಯವೆಂದರೆ ಕುಹಕ, ಚುಚ್ಚುಮಾತು ಎಂದಾಗಿಬಿಟ್ಟಿದೆ, ಶಾಸ್ತ್ರದಲ್ಲಿ ಹಾಗಲ್ಲ. ಪ್ರೀತಿಯೂ ವ್ಯಂಗ್ಯವಾಗಬಹುದು, ದುಃಖವೂ ಆಗಬಹುದು.

ಗಂಗೆಯವರೆಗೆ ಹೋಗಬೇಕಾಗಿಲ್ಲ. ಮನೆ ಬಾಡಿಗೆಗೆ ಕೊಡುವವರನ್ನು ಕೇಳಿ ನೋಡಿ: "ನಮ್ಮ ಮನೆ ಬಸ್ ಸ್ಟ್ಯಾಂಡಿನಲ್ಲೇ ಇದೆ ಸಾರ್" ಎನ್ನುತ್ತಾರೆ. ಬಸ್ಸುಗಳ ನಡುವೆ ಯಾರೂ ಆ ಮನೆಯನ್ನು ಹುಡುಕುವುದಿಲ್ಲ. ಹತ್ತಿರದಲ್ಲಿದೆ ಎಂಬುದು ಲಕ್ಷ್ಯಾರ್ಥ. ಬಾಡಿಗೆ ಐದುನೂರು ಹೆಚ್ಚು ಎಂಬುದು ವ್ಯಂಗ್ಯ.

ಹನ್ನೊಂದನೆಯ ಶತಮಾನದ ಮಮ್ಮಟ 'ಕಾವ್ಯಪ್ರಕಾಶ'ದಲ್ಲಿ ಒಂದು ಸಣ್ಣ ವಾಕ್ಯವನ್ನು ಎತ್ತಿಕೊಳ್ಳುತ್ತಾನೆ: ಸೂರ್ಯ ಮುಳುಗಿದ. ಇದರ ವಾಚ್ಯ ಒಂದೇ. ಆದರೆ ದಂಡಿನವನಿಗೆ ಅದು ಶತ್ರುವಿನ ಮೇಲೆ ಬೀಳುವ ಹೊತ್ತು. ಕೂಲಿಯವನಿಗೆ ಕೆಲಸ ನಿಲ್ಲಿಸುವ ಹೊತ್ತು. ಪ್ರಿಯನಲ್ಲಿಗೆ ಹೊರಡುವವಳಿಗೆ, ಸಂಧ್ಯಾವಿಧಿಗೆ ಕೂಡುವವನಿಗೆ, ದನ ಹೊಡೆದುಕೊಂಡು ಬರುವವನಿಗೆ ಬೇರೆ ಬೇರೆ ಅರ್ಥ. ತರಗತಿಯಲ್ಲಿ ಈ ಭಾಗ ಬಂದಾಗ ನಾನು ಸೂರ್ಯನನ್ನು ಬಿಟ್ಟು, 'ಕರೆಂಟು ಬಂತು' ಎಂಬ ಮಾತನ್ನು ತೆಗೆದುಕೊಳ್ಳುತ್ತಿದ್ದೆ. ಪಟ್ಟಣದ ಗೃಹಿಣಿಗೆ ಅದು ಅರ್ಧಕ್ಕೆ ನಿಂತ ಚಟ್ನಿ. ಮಗನಿಗೆ 'ಇನ್ನು ಓದು' ಎಂಬ ಅಪ್ಪಣೆ. ಕತ್ತಲಲ್ಲಿ ಅಜ್ಜಿಯ ಕಥೆ ಕೇಳುತ್ತಿದ್ದ ಮೊಮ್ಮಗಳಿಗೆ ಕಥೆ ನಿಂತಿತೆಂಬ ಬೇಸರ. ನಮ್ಮ ಬಯಲುಸೀಮೆಯ ರೈತನ ಮನೆಯಲ್ಲಿ ನಡುರಾತ್ರಿ ಎರಡು ಗಂಟೆಗೆ ಹೆಂಡತಿ ಗಂಡನ ತೋಳು ಮುಟ್ಟಿ "ಕರೆಂಟು ಬಂತು" ಎಂದರೆ ಅವನು ಕಂಬಳಿ ಹೊದ್ದು, ಬ್ಯಾಟರಿ ಹಿಡಿದು, ಪಂಪ್‌ಸೆಟ್ಟಿನ ಗುಂಡಿ ಒತ್ತಲು ಹೊಲಕ್ಕೆ ಹೊರಡುತ್ತಾನೆ. ಆ ಎರಡು ಪದಗಳಲ್ಲಿ ಚಳಿಯಿದೆ, ಹಾವಿನ ಭಯವಿದೆ, ಒಣಗುತ್ತಿರುವ ಪೈರಿದೆ, ಏಳಿಸಬೇಕಾಯಿತಲ್ಲ ಎಂಬ ಹೆಂಡತಿಯ ಮರುಕವೂ ಇದೆ. ಹಳ್ಳಿಯಿಂದ ಬರುತ್ತಿದ್ದ ಹುಡುಗರಿಗೆ ಇದನ್ನು ವಿವರಿಸಬೇಕಾಗುತ್ತಿರಲಿಲ್ಲ.

ಒಂದೇ ವಾಕ್ಯ ಇಷ್ಟು ಅರ್ಥಗಳನ್ನು ಹೇಗೆ ಹೊರುತ್ತದೆ? ಆಡುವವನು ಯಾರು, ಕೇಳುವವನು ಯಾರು, ಹತ್ತಿರದಲ್ಲಿ ಇನ್ಯಾರಿದ್ದಾರೆ, ದನಿಯ ಏರಿಳಿತವೇನು, ಪ್ರಸಂಗವೇನು, ಸ್ಥಳ ಯಾವುದು, ಹೊತ್ತು ಎಂಥದು ಎಂಬೆಲ್ಲ ಸಂಗತಿಗಳನ್ನು ಮಮ್ಮಟ ಎಣಿಸಿ ಹೇಳುತ್ತಾನೆ. ದನಿಯ ಏರಿಳಿತಕ್ಕೆ ಅವರಿಟ್ಟ ಹೆಸರು 'ಕಾಕು'. "ನೀನು ಬಹಳ ಜಾಣ" ಎಂಬುದನ್ನು ಮೆಚ್ಚಿಯೂ ಹೇಳಬಹುದು, ಕಿವಿ ಹಿಂಡಿಯೂ ಹೇಳಬಹುದು. ಬರಹದಲ್ಲಿ ಎರಡೂ ಒಂದೇ. ಇಂದು ಮೊಬೈಲಿನಲ್ಲಿ ಕಳಿಸುವ ಸಂದೇಶಗಳಿಂದ ನಂಟರಿಷ್ಟರಲ್ಲಿ ಮನಸ್ತಾಪ ಬರುವುದಕ್ಕೆ ಮುಖ್ಯವಾದ ಕಾರಣ ಕಾಕುವಿಲ್ಲದ ಮಾತು ಎಂದೇ ನನ್ನ ನಂಬಿಕೆ. "ಸರಿ" ಎಂದು ಮಗಳು ಕಳಿಸಿದ ಎರಡಕ್ಷರವನ್ನು ನಾನೂ ನನ್ನ ಮನೆಯವರೂ ಅರ್ಧ ಗಂಟೆ ವ್ಯಾಖ್ಯಾನ ಮಾಡಿದ್ದುಂಟು. ಲೋಚನವನ್ನು ಬರೆದ ಅಭಿನವಗುಪ್ತನಿಗೂ ಅಷ್ಟು ಹೊತ್ತು ಹಿಡಿಯುತ್ತಿರಲಿಲ್ಲವೇನೋ.

ಹತ್ತಿರದಲ್ಲಿ ಬೇರೆಯವರಿರುವುದು, ಅಂದರೆ 'ಅನ್ಯಸನ್ನಿಧಿ', ನಮ್ಮ ಅವಿಭಕ್ತ ಕುಟುಂಬಗಳಲ್ಲಿ ಒಂದು ದೊಡ್ಡ ಶಾಸ್ತ್ರವೇ ಆಗಿತ್ತು. ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸಿಕೊಂಡಳೆಂಬ ಗಾದೆಯನ್ನು ನಾವು ಸೊಸೆಯ ಅಸಹಾಯಕತೆಯ ಗುರುತೆಂದು ಓದುತ್ತೇವೆ. ಆದರೆ ಕೊತ್ತಿಗೆ ಬಿದ್ದ ಏಟಿನ ಜೊತೆಗೆ ಒಂದು ಮಾತೂ ಇರುತ್ತದಲ್ಲ, "ಎಷ್ಟು ಹಾಕಿದರೂ ನಿನಗೆ ತೃಪ್ತಿಯೇ ಇಲ್ಲ" ಎಂದು. ಅದು ಕೊತ್ತಿಗೆ ಸೇರಿದ್ದಲ್ಲ, ಪಡಸಾಲೆಗೆ ಸೇರಿದ್ದು. ಪಡಸಾಲೆಯಿಂದ "ಯಾರಿಗೆ ಹೇಳಿದ್ದು?" ಎಂದು ಕೇಳುವಂತಿಲ್ಲ. ಕೇಳಿದರೆ ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಂಡಂತಾಗುತ್ತದೆ.

ಕನ್ನಡಕ್ಕೆ ಈ ವಿಷಯದಲ್ಲಿ ತನ್ನದೇ ಆದ ಸಲಕರಣೆಗಳಿವೆ. ವಿಭಕ್ತಿ, ವಚನ, ಪ್ರತ್ಯಯ, ನಿಪಾತಗಳಿಂದ ಕೂಡ ಧ್ವನಿ ಹೊಮ್ಮುತ್ತದೆಂದು ಆನಂದವರ್ಧನ ಮೂರನೆಯ ಉದ್ಯೋತದಲ್ಲಿ ಹೇಳುತ್ತಾನೆ. ಅವನಿಗೆ ನಮ್ಮ 'ಅಂತೆ' ಗೊತ್ತಿದ್ದರೆ ಇನ್ನೂ ಎಷ್ಟು ಉದಾಹರಣೆ ಕೊಡುತ್ತಿದ್ದನೋ! "ಅವನು ಸಾಲ ತೀರಿಸಿದ" ಎಂಬುದು ಸುದ್ದಿ. "ಅವನು ಸಾಲ ತೀರಿಸಿದನಂತೆ" ಎಂಬುದರಲ್ಲಿ ಸುದ್ದಿಗಿಂತ ಹೆಚ್ಚಾಗಿ, ನಂಬುವ ಭಾರ ನನ್ನದಲ್ಲ ಎಂಬ ಕೈತೊಳೆಯುವಿಕೆಯಿದೆ. 'ಊ' ಎಂಬ ಒಂದೇ ಸ್ವರವನ್ನು ನೋಡಿ. ಮದುವೆಯ ಮನೆಯಲ್ಲಿ "ನೀವು ಬಂದಿರಾ?" ಎಂದರೆ ಸಂತೋಷ, "ನೀವೂ ಬಂದಿರಾ?" ಎಂದರೆ ಬಂದವರು ಆ ಕ್ಷಣವೇ ತಮ್ಮ ಕರೆಯೋಲೆಯನ್ನು ನೆನಪಿಸಿಕೊಳ್ಳಬೇಕಾಗುತ್ತದೆ. ಊಟಕ್ಕೆ ಕುಳಿತಾಗ ನಾನೊಮ್ಮೆ "ಇವತ್ತು ಸಾರು ಚೆನ್ನಾಗಿದೆ" ಎಂದು ಹೊಗಳಿದೆ. "ನಿನ್ನೆ ಏನಾಗಿತ್ತು?" ಎಂಬ ಪ್ರಶ್ನೆ ಅಡುಗೆಮನೆಯಿಂದ ಬಂತು. ಕಾಲವಾಚಕದಿಂದ ಹೊಮ್ಮಿದ ಧ್ವನಿ ಎಂದು ನಾನು ವಿವರಿಸಹೋಗಲಿಲ್ಲ.

ವಚನವೂ ಹಾಗೆಯೇ. ತಾಯಿ ಮಗನನ್ನು 'ನೀನು' ಎನ್ನುತ್ತಾಳೆ. ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟಿದ ಮಗನಿಗೆ, "ಬಂದಿರಾ ಸ್ವಾಮಿ? ಬನ್ನಿ, ದಯಮಾಡಿಸಿ" ಎಂದು ಬಹುವಚನ ಬಂದರೆ ಅವನು ತೆಪ್ಪಗೆ ಹೋಗಿ ಮಲಗಿಕೊಳ್ಳುವುದು ಲೇಸು. ಕನ್ನಡದ ಗೌರವಸೂಚಕ ಬಹುವಚನಕ್ಕಿಂತ ಹರಿತವಾದ ಬೈಗುಳವನ್ನು ನಾನು ಕೇಳಿಲ್ಲ.

ಅತಿಥಿಸತ್ಕಾರದ ಮಾತುಗಳಂತೂ ಪ್ರತ್ಯೇಕ ಪ್ರಬಂಧವೊಂದಕ್ಕೆ ಸಾಕು. "ಕಾಫಿ ತರುತ್ತೇನೆ" ಎಂಬುದಕ್ಕೂ, "ಕಾಫಿ ಕುಡಿಯುತ್ತೀರಾ?" ಎಂಬುದಕ್ಕೂ, "ಕಾಫಿ ಆಗಿರಬೇಕಲ್ಲ" ಎಂಬುದಕ್ಕೂ ಇರುವ ದೂರವನ್ನು ಅಳೆಯುವ ಅಳತೆಗೋಲು ಯಾವ ವ್ಯಾಕರಣದಲ್ಲೂ ಇಲ್ಲ. ಮೂರನೆಯದನ್ನು ಕೇಳಿದ ಸುಸಂಸ್ಕೃತನಾದ ಅತಿಥಿ, ಬೆಳಗಿನಿಂದ ಒಂದು ತೊಟ್ಟು ಕುಡಿಯದಿದ್ದರೂ, "ಈಗ ತಾನೇ ಆಯಿತು" ಎನ್ನುತ್ತಾನೆ. ಇಬ್ಬರೂ ಸುಳ್ಳು ಹೇಳಲಿಲ್ಲ, ಇಬ್ಬರ ಮಾನವೂ ಉಳಿಯಿತು. ಹೊತ್ತು ಮೀರಿ ಕುಳಿತವರಿಗೆ, "ನಿಮ್ಮ ಕಡೆಗೆ ಕೊನೆಯ ಬಸ್ಸು ಎಷ್ಟು ಗಂಟೆಗೆ?" ಎಂದು ಕಾಳಜಿಯಿಂದ ವಿಚಾರಿಸುವುದೂ ಈ ಜಾತಿಗೇ ಸೇರಿದ್ದು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಹಾವು ಕಚ್ಚಿದಾಗ 'ಹುಳ ಮುಟ್ಟಿತು' ಎನ್ನುತ್ತೇವೆ. ಬಳೆ ಒಡೆದಾಗ 'ಹೆಚ್ಚಿತು' ಎನ್ನುತ್ತೇವೆ. ದೀಪ ಆರಿಸು ಎನ್ನಲು ಬಾಯಿ ಬಾರದೆ 'ದೊಡ್ಡದು ಮಾಡು' ಎನ್ನುತ್ತಿದ್ದರು ನಮ್ಮ ಹಿರಿಯರು. ಮನೆಯಿಂದ ಹೊರಡುವವರು 'ಹೋಗುತ್ತೇನೆ' ಎನ್ನದೆ 'ಬರುತ್ತೇನೆ' ಎನ್ನುತ್ತಾರೆ. ಇವೆಲ್ಲ ಹುಟ್ಟುವಾಗ ಎಂಥ ಸೂಕ್ಷ್ಮವಾದ ಧ್ವನಿಯಿಂದ ಹುಟ್ಟಿರಬೇಕು! ಆದರೆ ಬಳಸಿ ಬಳಸಿ ರೂಢಿಯಾದ ಮೇಲೆ ಅವುಗಳ ವ್ಯಂಗ್ಯವೇ ವಾಚ್ಯವಾಗಿಬಿಟ್ಟಿದೆ. 'ಬರುತ್ತೇನೆ' ಎಂದವರು ಮತ್ತೆ ಬರುವರೆಂದು ಯಾರೂ ಮಣೆ ಹಾಕಿಕೊಂಡು ಕಾಯುವುದಿಲ್ಲ. ಧ್ವನಿ ಈಗ ಇರುವುದು ಆ ರೂಢಿಯನ್ನು ಮುರಿದಾಗ. ಹೊರಡುವ ಮುದುಕರೊಬ್ಬರು ಹೊಸಿಲ ಬಳಿ ನಿಂತು, ಎಂದಿನಂತೆ 'ಬರುತ್ತೇನೆ' ಎನ್ನದೆ, "ಹೋಗ್ತೀನಿ ಕಣಪ್ಪ" ಎಂದರೆ ಎದೆ ಧಸಕ್ಕೆನ್ನುತ್ತದೆ.

ವಾಚ್ಯ ಮಾತ್ರ ತಿಳಿದು ವ್ಯಂಗ್ಯ ತಿಳಿಯದ ಜೀವಿಯೊಂದು ನಮ್ಮ ಜನಪದದಲ್ಲಿದೆ. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವವನ್ನು ತಡೆಯಲು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರಷ್ಟೆ. ಪಾಪ, ಆ ದೆವ್ವ ದಿನವೂ ಬರುತ್ತದೆ, ಓದುತ್ತದೆ, ನಂಬುತ್ತದೆ, ಮಾರನೆಯ ದಿನ ಮತ್ತೆ ಬರುತ್ತದೆ. 'ನಾಳೆ ಬಾ' ಎಂದರೆ 'ಎಂದಿಗೂ ಬರಬೇಡ' ಎಂದು ಅದಕ್ಕೆ ಹೊಳೆಯುವುದೇ ಇಲ್ಲ. ನಾವು ನಗುತ್ತೇವೆ. ಸರ್ಕಾರಿ ಕಚೇರಿಯ ಮೇಜಿನ ಮುಂದೆ ಇದೇ ಎರಡು ಪದಗಳನ್ನು ಕೇಳಿ ಇಪ್ಪತ್ತು ದಿನ ಅಲೆದ ಮನುಷ್ಯರನ್ನು ನಾನು ಬಲ್ಲೆ. ಅವರಿಗೂ ಹೊಳೆಯಲಿಲ್ಲವೆಂದಲ್ಲ, ಹೊಳೆದ ಅರ್ಥವನ್ನು ತೀರಿಸುವಷ್ಟು ಹಣ ಕಿಸೆಯಲ್ಲಿರಲಿಲ್ಲ.

ಹೀಗೆ ಹೊಳೆಯುವುದು ಯಾವ ಬಗೆಯ ವ್ಯಾಪಾರ ಎಂಬುದನ್ನು ಕುರಿತು ವಾದ ಬಹಳ ನಡೆದಿದೆ. ವ್ಯಂಜನೆ ಎಂಬ ಬೇರೊಂದು ಶಕ್ತಿಯೇ ಬೇಡ, ಇದೆಲ್ಲ ಅನುಮಾನ, ಹೊಗೆ ಕಂಡು ಬೆಂಕಿಯನ್ನು ಊಹಿಸುವಂತೆ, ಎಂದು ಮಹಿಮಭಟ್ಟ 'ವ್ಯಕ್ತಿವಿವೇಕ'ವೆಂಬ ಗ್ರಂಥವನ್ನೇ ಬರೆದ. ಪಶ್ಚಿಮದಲ್ಲಿ ಗ್ರೈಸ್ ಎಂಬ ತತ್ತ್ವಜ್ಞ 1967ರಲ್ಲಿ ಹಾರ್ವರ್ಡಿನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಇದೇ ಸಮಸ್ಯೆಯನ್ನು ಬೇರೆ ದಾರಿಯಿಂದ ಬಂದು ಮುಟ್ಟಿದ. ಅವುಗಳ ಮುಖ್ಯಭಾಗ 1975ರಲ್ಲಿ ಅಚ್ಚಾಯಿತು. ಸಂಭಾಷಣೆಯಲ್ಲಿ ತೊಡಗಿದವರು ಪರಸ್ಪರ ಸಹಕರಿಸುತ್ತಿದ್ದಾರೆಂದು ನಾವು ನಂಬಿರುತ್ತೇವೆ. ಯಾರಾದರೂ ಹೇಳಬೇಕಾದಷ್ಟನ್ನು ಹೇಳದೆ ಹೋದಾಗ, ಆ ಕೊರತೆಯೇ ಏನನ್ನೋ ಹೇಳುತ್ತಿದೆ ಎಂದು ಗ್ರಹಿಸುತ್ತೇವೆ ಎಂಬುದು ಅವನ ವಿಚಾರದ ಸಾರ. ಅವನು ಕೊಡುವ ಉದಾಹರಣೆಯೊಂದು ಅಧ್ಯಾಪಕರಿಗೆ ಚೆನ್ನಾಗಿ ನಾಟುವಂಥದು. ತತ್ತ್ವಶಾಸ್ತ್ರದ ಕೆಲಸಕ್ಕೆ ಅರ್ಜಿ ಹಾಕಿದ ಶಿಷ್ಯನಿಗೆ ಗುರು ಶಿಫಾರಸು ಪತ್ರ ಬರೆಯುತ್ತಾನೆ: ಈತನ ಇಂಗ್ಲಿಷ್ ಉತ್ತಮವಾಗಿದೆ, ತರಗತಿಗೆ ತಪ್ಪದೆ ಬರುತ್ತಿದ್ದ. ಅಷ್ಟೇ. ತತ್ತ್ವಶಾಸ್ತ್ರದ ಸುದ್ದಿಯೇ ಇಲ್ಲ. ಇನ್ನು ಹೇಳುವುದೇನಿದೆ? "ಈತನ ಅಕ್ಷರ ದುಂಡಾಗಿದೆ, ಗುರುಹಿರಿಯರಲ್ಲಿ ಭಕ್ತಿಯುಳ್ಳವನು" ಎಂದು ಎಷ್ಟು ಪತ್ರಗಳನ್ನು ನಾನೇ ಬರೆದಿಲ್ಲ!

ಮಹಿಮಭಟ್ಟನೂ ಗ್ರೈಸನೂ ಹೇಳುವುದರಲ್ಲಿ ತಿರುಳಿದೆ. ಊಹೆಯಿಲ್ಲದೆ ಧ್ವನಿ ಇಲ್ಲ. ಆದರೂ ನನ್ನ ಒಲವು ಆನಂದವರ್ಧನನ ಕಡೆಗೇ. ಹೊಗೆಯಿಂದ ಬೆಂಕಿಯನ್ನು ಊಹಿಸುವವನಿಗೆ ತರ್ಕ ಸಾಕು, ಬೆಂಕಿಯ ಮೇಲೆ ಪ್ರೀತಿ ಇರಬೇಕಾಗಿಲ್ಲ. ಮಾತಿನ ಧ್ವನಿಯನ್ನು ಹಿಡಿಯಲು ತರ್ಕ ಸಾಲದು. ಆಡಿದವರ ಸ್ಥಿತಿಯಲ್ಲಿ ಮನಸ್ಸು ಒಂದು ಗಳಿಗೆಯಾದರೂ ನಿಂತು ಬರಬೇಕು. ಅದಕ್ಕೇ ಅವನು ಪಂಡಿತನನ್ನು ಕೇಳದೆ ಸಹೃದಯನನ್ನು ಕೇಳಿದ. ಸುಮಾರು 850ರ ನಮ್ಮ 'ಕವಿರಾಜಮಾರ್ಗ' ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನ ಜನರನ್ನು ಕೊಂಡಾಡುವಾಗ ಹದವರಿತು ನುಡಿಯಬಲ್ಲವರೆಂದಷ್ಟೇ ಹೇಳಿ ಸುಮ್ಮನಾಗುವುದಿಲ್ಲ, ನುಡಿದದ್ದನ್ನು ಅರಿತು ವಿಚಾರಿಸಬಲ್ಲವರೆಂದೂ ಹೇಳುತ್ತದೆ. ಕೇಳುವುದನ್ನೂ ಒಂದು ಸಾಮರ್ಥ್ಯವೆಂದು ಎಣಿಸಿದ ಆ ಕವಿಯ ಬಗ್ಗೆ ನನಗೆ ವಿಶೇಷವಾದ ಗೌರವ. ನಾವು ಮೊದಲ ಅರ್ಧವನ್ನು ಮಾತ್ರ ವೇದಿಕೆಗಳ ಮೇಲೆ ಹೇಳಿಕೊಳ್ಳುತ್ತೇವೆ.

ಇಲ್ಲದ ಧ್ವನಿಯನ್ನು ಕೇಳುವವರೂ ಇದ್ದಾರೆ, ನಿಜ. "ಬನ್ನಿ ಎಂದರು, ಆದರೆ ಎದ್ದು ನಿಂತು ಹೇಳಲಿಲ್ಲ" ಎಂದು ಮದುವೆಯಿಂದ ಮುನಿದು ಬರುವ ಬಂಧುಗಳು ಎಲ್ಲ ಮನೆತನಗಳಲ್ಲೂ ಇರುತ್ತಾರೆ. ಅವರಿಗೆ ಮದ್ದಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಲದಿಂದ ಕಾಡಿದೆ. ಯಾರು ಧ್ವನಿಯಲ್ಲಿ ಮಾತಾಡುತ್ತಾರೆ? ಜಾಣರು, ರಸಿಕರು ಎಂದು ಅಲಂಕಾರಗ್ರಂಥಗಳನ್ನು ಓದಿದವರಿಗೆ ಅನ್ನಿಸುತ್ತದೆ. ಆದರೆ ನಾನು ಮೇಲೆ ಹೇಳಿದವರನ್ನು ಒಮ್ಮೆ ನೆನೆದು ನೋಡಿ: ಗೋದಾವರಿಯ ದಡದ ಹೆಂಗಸು, ಅತ್ತೆಯ ಪಕ್ಕದಲ್ಲಿ ಮಲಗುವ ಸೊಸೆ, ಕೊತ್ತಿಯನ್ನು ಬೈಯುವವಳು. ಇವರಿಗೆ ನೇರವಾಗಿ ಮಾತಾಡುವ ಹಕ್ಕು ಇರಲಿಲ್ಲ. ಬಾಯಿಬಿಟ್ಟು ಹೇಳಿದರೆ ಮನೆ ಹೋಗುತ್ತದೆ, ಇಲ್ಲವೇ ಮಾನ ಹೋಗುತ್ತದೆ. ವ್ಯಂಗ್ಯವಾಗಿ ಹೇಳಿದರೆ, "ನಾನು ಹಾಗೆಂದೆನೇ?" ಎಂದು ಹಿಂದೆಗೆಯಲು ಒಂದು ಬಾಗಿಲು ತೆರೆದಿರುತ್ತದೆ. ಮೇಜಿನ ಆಚೆ ಕುಳಿತು 'ನಾಳೆ ಬಾ' ಎನ್ನುವವನಿಗೂ ಅದೇ ಬಾಗಿಲು ಅನುಕೂಲವಾಗಿದೆ ಎಂಬುದು ಬೇರೆ ಮಾತು. ಆದರೆ ಬಡವನಿಗೆ ಅದು ಅನುಕೂಲವಲ್ಲ, ಗತ್ಯಂತರವಿಲ್ಲದ್ದು. ಅವನು ಕೇಳಬೇಕಾದದ್ದನ್ನು ಕೇಳದೆ ಕೇಳುತ್ತಾನೆ. ಎದುರಿಗಿದ್ದವರಿಗೆ ತಿಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

1991ರಲ್ಲಿ ನಾನು ಒಂದು ಸಣ್ಣ ಊರಿನ ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದೆ. ಕೊನೆಯ ವರ್ಷದ ಬಿ.ಎ. ತರಗತಿಯಲ್ಲಿ ಕನ್ನಡವನ್ನು ಐಚ್ಛಿಕವಾಗಿ ತೆಗೆದುಕೊಂಡ ಹುಡುಗನೊಬ್ಬನಿದ್ದ. ಹನ್ನೆರಡು ಮೈಲಿ ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ. ಮಾತು ಕಡಿಮೆ, ಕಿವಿ ಸೂಕ್ಷ್ಮ. ಧ್ವನಿಯ ಪಾಠವನ್ನು ಆರಂಭಿಸಿದ ವಾರ, ತೀ.ನಂ.ಶ್ರೀ.ಯವರ 'ಭಾರತೀಯ ಕಾವ್ಯಮೀಮಾಂಸೆ'ಯನ್ನು ಓದಬೇಕೆಂದು ಕೇಳಿದ. 1953ರಲ್ಲಿ ಮೊದಲು ಹೊರಬಂದ ಆ ಗ್ರಂಥಕ್ಕೆ ಸಮನಾದದ್ದು ಈ ವಿಷಯದಲ್ಲಿ ಕನ್ನಡದಲ್ಲಿ ಇನ್ನೊಂದಿಲ್ಲ. ಗ್ರಂಥಾಲಯದ ಪ್ರತಿ ಬೇರೆಯವರ ಕೈಯಲ್ಲಿದ್ದುದರಿಂದ ನನ್ನ ಸ್ವಂತ ಪ್ರತಿಯನ್ನೇ ಕೊಟ್ಟು, ನಿಧಾನವಾಗಿ ಓದು, ಪರೀಕ್ಷೆ ಮುಗಿಯುವವರೆಗೆ ಇಟ್ಟುಕೊ ಎಂದೆ. ಅದು ಸೋಮವಾರ. ಆ ಶನಿವಾರ ಪಾಠ ಮುಗಿಸಿ ಅಧ್ಯಾಪಕರ ಕೊಠಡಿಯಲ್ಲಿ ಕುಳಿತಿದ್ದಾಗ ಅವನು ಬಂದು ಬಾಗಿಲಲ್ಲಿ ನಿಂತ. ಪುಸ್ತಕಕ್ಕೆ ಹೊಸದಾಗಿ ಕಂದು ಕಾಗದದ ಹೊದಿಕೆ ಹಾಕಿದ್ದ. ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲೆ ಇಟ್ಟ.

"ಓದು ಆಯಿತು ಸಾರ್" ಎಂದ.

ಸೂರ್ಯ ಮುಳುಗಿದ ಎಂಬ ವಾಕ್ಯಕ್ಕೆ ಎಷ್ಟು ಅರ್ಥಗಳುಂಟೆಂದು ನಾನು ಅದೇ ಬೆಳಗ್ಗೆ ಮುಕ್ಕಾಲು ಗಂಟೆ ವಿವರಿಸಿದ್ದೆ. "ಇಷ್ಟು ಬೇಗನೆ? ಭೇಷ್!" ಎಂದೆ. ಆ ಗಾತ್ರದ ಪುಸ್ತಕವನ್ನು ಐದು ದಿನದಲ್ಲಿ ಮುಗಿಸುವ ಶಿಷ್ಯ ಸಿಕ್ಕಿದನೆಂಬ ಹೆಮ್ಮೆ ನನಗೆ. ಅವನು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದ. ನಾನು ಹಾಜರಿ ಪುಸ್ತಕವನ್ನು ತುಂಬುತ್ತಿದ್ದೆ. "ಹೋಗ್ತೀನಿ ಸಾರ್" ಎಂದ. "ಹೂಂ, ಹೋಗಿ ಬಾ" ಎಂದೆ, ತಲೆ ಎತ್ತದೆ.

ಸೋಮವಾರದಿಂದ ಅವನು ಬರಲಿಲ್ಲ. ಪರೀಕ್ಷಾಶುಲ್ಕ ಕಟ್ಟಲು ಕೊನೆಯ ದಿನವನ್ನು ತಿಳಿಸುವ ಸೂಚನೆ ನನ್ನ ಕುರ್ಚಿಯ ಬೆನ್ನ ಹಿಂದಿನ ಗೋಡೆಯ ಮೇಲೆಯೇ ತೂಗುತ್ತಿತ್ತು; ಬಾಗಿಲಲ್ಲಿ ನಿಂತವನ ಕಣ್ಣಿಗೆ ನನ್ನ ತಲೆಯ ಜೊತೆಗೆ ಅದೂ ಕಾಣುತ್ತಿದ್ದಿರಬೇಕು. ಆ ಹಣ ನನ್ನ ಅಂದಿನ ಸಂಬಳದಲ್ಲಿಯೂ ಲೆಕ್ಕಕ್ಕೆ ಬರುವಷ್ಟು ದೊಡ್ಡದಾಗಿರಲಿಲ್ಲ. ಅವನ ತಂದೆ ಹಾಸಿಗೆ ಹಿಡಿದಿದ್ದರೆಂದು ಅದೇ ಹಳ್ಳಿಯ ಇನ್ನೊಬ್ಬ ವಿದ್ಯಾರ್ಥಿಯಿಂದ ತಿಳಿಯುವ ಹೊತ್ತಿಗೆ ಕೊನೆಯ ದಿನ ಕಳೆದು ಮೂರು ವಾರವಾಗಿತ್ತು. ಹೇಳಿ ಕಳಿಸಿದೆ. ಅವನು ಬರಲಿಲ್ಲ. ಆ ಬೇಸಿಗೆಯಲ್ಲಿ ಏನನ್ನೋ ಹುಡುಕಲು ಆ ಪುಸ್ತಕವನ್ನು ತೆರೆದೆ. ಮೊದಲ ನಾಲ್ಕೈದು ಹಾಳೆಗಳ ನಡುವೆ ಗುರುತಿಗೆಂದು ಇಟ್ಟ ಬಸ್ಸಿನ ಟಿಕೆಟ್ಟೊಂದಿತ್ತು. ಅಲ್ಲಿಂದ ಮುಂದೆ ಪುಟಗಳು ತಿರುವಿದಂತೆ ಇರಲಿಲ್ಲ.

ಹದಿನೈದು ವರ್ಷಗಳ ನಂತರ, 2006ರಲ್ಲಿ, ಆ ಊರಿನ ಮಾರುಕಟ್ಟೆಯ ಪ್ರಾಂಗಣದಲ್ಲಿ, ದವಸದ ಮಂಡಿಯೊಂದರ ಗದ್ದುಗೆಯ ಮೇಲೆ ಲೆಕ್ಕ ಬರೆಯುತ್ತಿದ್ದವನು ಎದ್ದು ಬಂದು ನಮಸ್ಕರಿಸಿದ. ಗುರುತು ಹತ್ತಲು ಸ್ವಲ್ಪ ಹೊತ್ತಾಯಿತು. ಕುರ್ಚಿ ಹಾಕಿಸಿ ಚಹಾ ತರಿಸಿದ. ತಂದೆ ಹೋಗಿ ಬಹಳ ವರ್ಷವಾಯಿತೆಂದ, ತಂಗಿಯರ ಮದುವೆಯಾಯಿತೆಂದ. ಆ ಶನಿವಾರದ ಸುದ್ದಿಯನ್ನು ಅವನು ಎತ್ತಲಿಲ್ಲ, ನನಗೆ ಎತ್ತುವ ಧೈರ್ಯ ಬರಲಿಲ್ಲ. ಏಳುವಾಗ, ಲೋಟವನ್ನು ತೆಗೆದುಕೊಳ್ಳುತ್ತ, "ಆ ಪುಸ್ತಕ ಈಗಲೂ ತಮ್ಮ ಹತ್ತಿರ ಇದೆಯೇ ಸಾರ್?" ಎಂದು ಕೇಳಿದ.

ಇದೆ ಎಂದೆ. ಮುಂದಿನ ಭಾನುವಾರ ಅದನ್ನು ತೆಗೆದುಕೊಂಡು ಬಸ್ಸು ಹತ್ತಿ ಅವನ ಹಳ್ಳಿಗೇ ಹೋದೆ. ಕಂದು ಕಾಗದದ ಹೊದಿಕೆ ಮಾಸಿತ್ತು, ಹರಿದಿರಲಿಲ್ಲ. ಅವನು ಜಗಲಿಯ ಮೇಲೆ ಕುಳಿತು ಪುಸ್ತಕವನ್ನು ಬಿಡಿಸಿದ. ಟಿಕೆಟ್ಟು ಇಟ್ಟಲ್ಲಿಯೇ ಇತ್ತು. ಅದನ್ನು ಬೆರಳ ತುದಿಯಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದ.

"ಆಗ ಬಸ್ ಚಾರ್ಜು ಎಷ್ಟು ಕಡಿಮೆ ಇತ್ತು ನೋಡಿ ಸಾರ್" ಎಂದು ಹೇಳಿ, ಒಳಗೆ ಹೆಂಡತಿಗೆ ಮಣೆ ಹಾಕಲು ಕೂಗಿದ.